ಡಾಕ್ಟ್ರೇ, ನಿಮಗೆ ಗೊತ್ತಿತ್ತು: ಸೆನೆಟರ್ ಬಿಲ್ ಕ್ಯಾಸಿಡಿ ಅವರಿಗೊಂದು ಬಹಿರಂಗ ಪತ್ರ

ಹ್ಯೂಸ್ಟನ್, ಟೆಕ್ಸಸ್
2025ರ ಡಿಸೆಂಬರ್ ಕೊನೆ

ಡಾಕ್ಟರ್ ಬಿಲ್ ಕ್ಯಾಸಿಡಿ ಅವರಿಗೆ,
ಲೂಸಿಯಾನದ ಸೆನೆಟರ್, ಅಮೆರಿಕ ಸೆನೆಟ್‌ನ ಆರೋಗ್ಯ ಸಮಿತಿಯ ಅಧ್ಯಕ್ಷರು

ನಮಸ್ಕಾರ ಡಾಕ್ಟ್ರೇ,

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ವೆಬ್‌ಸೈಟಿನಲ್ಲಿ ಲಸಿಕೆ ಮತ್ತು ಆಟಿಸಂ ಬಗ್ಗೆ ಒಂದು ಪುಟ ಇದೆ. ಅದರಲ್ಲಿ ದಪ್ಪಕ್ಷರದ ಒಂದು ತಲೆಬರಹ: ಲಸಿಕೆಗಳಿಂದ ಆಟಿಸಂ ಬರುವುದಿಲ್ಲ. ಅದರ ಬಾಲಕ್ಕೆ ಒಂದು ಸಣ್ಣ ನಕ್ಷತ್ರ ಚಿಹ್ನೆ. ನವೆಂಬರ್ 19ಕ್ಕೆ ಬಂದು ಅಂಟಿಕೊಂಡದ್ದು ಅದು. ತಲೆಬರಹದ ಜೊತೆಗಿರುವ ಮಾತು ಮಾತ್ರ ಪೂರ್ತಿ ಉಲ್ಟಾ. 'ಲಸಿಕೆಯಿಂದ ಆಟಿಸಂ ಬರುವುದಿಲ್ಲ' ಅನ್ನುವುದು ಪುರಾವೆ ಇರುವ ಮಾತಲ್ಲ ಅಂತ ಅಲ್ಲಿ ಬರೆದಿದ್ದಾರೆ. ಹಾಗಾದರೆ ಆ ತಲೆಬರಹ ಇನ್ನೂ ಯಾಕಿದೆ? ನಕ್ಷತ್ರದ ಟಿಪ್ಪಣಿ ಓದಿದರೆ ಉತ್ತರ ಸಿಗುತ್ತದೆ. ಸೆನೆಟ್‌ನ ಆರೋಗ್ಯ ಸಮಿತಿಯ ಅಧ್ಯಕ್ಷರ ಜೊತೆ ಒಪ್ಪಂದ ಆಗಿದೆಯಂತೆ, ಅದಕ್ಕೇ ತೆಗೆದಿಲ್ಲವಂತೆ.

ಆ ಅಧ್ಯಕ್ಷರು ನೀವು.

ಅಂದರೆ ಕೊಟ್ಟ ಮಾತನ್ನು ಅಕ್ಷರಕ್ಕೆ ಅಕ್ಷರ ಉಳಿಸಿಕೊಂಡಿದ್ದಾರೆ. ತಲೆಬರಹ ಅಲ್ಲೇ ಇದೆ. ಅದರ ಅರ್ಥ ಮಾತ್ರ ಇಲ್ಲ. ಈ ದೇಶದ ಆರೋಗ್ಯ ಇಲಾಖೆಯನ್ನು ರಾಬರ್ಟ್ ಕೆನಡಿ ಜೂನಿಯರ್ ಕೈಗೆ ಕೊಟ್ಟಿದ್ದಕ್ಕೆ ನಿಮಗೆ ಸಿಕ್ಕ ಬೆಲೆ ಅಷ್ಟು.

ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ನಾನು ನಿಮ್ಮ ಮತದಾರನೂ ಅಲ್ಲ, ನಿಮ್ಮ ರಾಜ್ಯದವನೂ ಅಲ್ಲ. ನಿಮ್ಮೂರು ಬೇಟನ್ ರೂಜ್‌ನಿಂದ ಪಶ್ಚಿಮಕ್ಕೆ ನಾಲ್ಕೈದು ಗಂಟೆ ಕಾರು ಓಡಿಸಿದರೆ ನಮ್ಮೂರು. ನಮ್ಮ ಟೆಕ್ಸಸ್‌ನ ಇಬ್ಬರು ಸೆನೆಟರ್‌ಗಳಿಗೆ ಬರೆಯಬಹುದಿತ್ತು. ಅವರಿಂದ ನಾನು ಏನನ್ನೂ ನಿರೀಕ್ಷೆ ಮಾಡುವುದಿಲ್ಲ, ಹಾಗಾಗಿ ನಿರಾಸೆಯೂ ಇಲ್ಲ. ನಿಮ್ಮ ವಿಷಯ ಬೇರೆ. ನಿಮ್ಮ ಬಗ್ಗೆ ನನಗೆ ಸಿಟ್ಟಿದೆ. ಈ ಕಾಗದವನ್ನು ಅಮೆರಿಕದಲ್ಲಿರುವ, ಇಲ್ಲಿ ಓಟು ಹಾಕುವ ನಮ್ಮ ಜನ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದರಲ್ಲಿ ನಿಮ್ಮ ರಿಪಬ್ಲಿಕನ್ ಪಕ್ಷಕ್ಕೆ ಓಟು ಹಾಕಿದವರೂ ಇದ್ದಾರೆ. ತೆರಿಗೆ ಕಡಿಮೆಯಾಗಲಿ, ಗಡಿ ಭದ್ರವಾಗಿರಲಿ ಅಂತ ಹಾಕಿದರು. ಮಕ್ಕಳ ಲಸಿಕೆಯ ಪಟ್ಟಿಗೆ ಕೈ ಹಾಕಿ ಅಂತ ಅವರಲ್ಲಿ ಯಾರೂ ಕೇಳಿರಲಿಲ್ಲ.

ನೀವು ಯಾರು ಅನ್ನೋದನ್ನು ಅವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕಥೆ ದುಃಖದ್ದಾಗುವುದು ಅಲ್ಲಿಯೇ.

ನೀವು ಲಿವರ್ ಡಾಕ್ಟರ್. ಹೆಚ್ಚು ದುಡ್ಡು ಬರುವ ಖಾಸಗಿ ಪ್ರಾಕ್ಟೀಸ್ ನೆಚ್ಚಿಕೊಂಡವರಲ್ಲ. ಬೇಟನ್ ರೂಜ್‌ನ ಅರ್ಲ್ ಕೆ. ಲಾಂಗ್ ಅನ್ನುವ ಧರ್ಮಾಸ್ಪತ್ರೆಯಲ್ಲಿ, ಇನ್ಶೂರೆನ್ಸ್ ಇಲ್ಲದ ಬಡವರನ್ನು ದಶಕಗಳ ಕಾಲ ನೋಡಿದಿರಿ. ಶಾಲೆ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಪುಕ್ಕಟೆ ಹಾಕಿಸುವ ಕಾರ್ಯಕ್ರಮ ಕಟ್ಟಿದಿರಿ. ಬೇಟನ್ ರೂಜ್ ಸುತ್ತಮುತ್ತಲಿನ ಸುಮಾರು 36,000 ಮಕ್ಕಳಿಗೆ ಅದರಿಂದ ಲಸಿಕೆ ಸಿಕ್ಕಿತು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ, ಮುಚ್ಚಿಹೋಗಿದ್ದ ಒಂದು ಕೆಮಾರ್ಟ್ ಅಂಗಡಿಯನ್ನು ಸ್ವಯಂಸೇವಕರನ್ನು ಸೇರಿಸಿಕೊಂಡು ತುರ್ತು ಆಸ್ಪತ್ರೆ ಮಾಡಿದಿರಿ. ಇಂಥವರನ್ನು ನಮ್ಮೂರಲ್ಲಾದರೆ ದೇವರಂಥ ಡಾಕ್ಟ್ರು ಅನ್ನುತ್ತಾರೆ.

ಈ ವರ್ಷದ ಜನವರಿ 30ರಂದು, ಆರೋಗ್ಯ ಸಚಿವರಾಗುವ ಮುಂಚಿನ ವಿಚಾರಣೆಗೆ ಕೆನಡಿ ನಿಮ್ಮ ಸಮಿತಿಯ ಮುಂದೆ ಬಂದು ಕೂತಾಗ ನೀವು ಒಂದು ಹುಡುಗಿಯ ವಿಷಯ ಹೇಳಿದಿರಿ. ಹದಿನೆಂಟು ವರ್ಷದ ಹುಡುಗಿ. ಹೆಪಟೈಟಿಸ್ ಬಿ ಬಂದು ಲಿವರ್ ಕೈಕೊಟ್ಟಿತ್ತು. ಲಿವರ್ ಕಸಿಗೆ ಅಂತ ಹೆಲಿಕಾಪ್ಟರ್‌ನಲ್ಲಿ ಮಲಗಿಸಿ ಕಳಿಸಿದಿರಿ. ಹೆಲಿಕಾಪ್ಟರ್ ಮೇಲೇಳುವಾಗ ನಿಮ್ಮ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ, 50 ಡಾಲರ್‌ನ ಲಸಿಕೆ ಹಾಕಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಿಮ್ಮ ವೈದ್ಯ ವೃತ್ತಿಯಲ್ಲೇ ಅದು ಅತಿ ಕೆಟ್ಟ ದಿನ ಅಂದಿರಿ. ಆಮೇಲೆ ಕೆನಡಿಯನ್ನು ನೇರವಾಗಿ ಕೇಳಿದಿರಿ. ದಶಕಗಳ ಕಾಲ ಲಸಿಕೆ ಬಗ್ಗೆ ತಪ್ಪು ಹುಡುಕುತ್ತಲೇ ಬಂದ 71 ವರ್ಷದ ಮನುಷ್ಯ, ಲಸಿಕೆ ನೀತಿಯ ಮೇಲೆ ಎಲ್ಲರಿಗಿಂತ ಹೆಚ್ಚು ಹಿಡಿತ ಇರುವ ಕುರ್ಚಿಗೆ ಬಂದಮೇಲೆ ಬದಲಾಗುತ್ತಾನಾ?

ಪ್ರಶ್ನೆ ಸರಿಯಾಗಿತ್ತು. ಉತ್ತರವೂ ನಿಮಗೆ ಗೊತ್ತಿತ್ತು. ಈ ಮನುಷ್ಯ ಲಸಿಕೆ ವಿರೋಧಿ ಸಂಘಟನೆಯನ್ನೇ ನಡೆಸಿದವರು. 2019ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಸಮೋವ ದ್ವೀಪಕ್ಕೆ ಹೋಗಿದ್ದರು. ಆಗಲೇ ಅಲ್ಲಿ ಲಸಿಕೆ ಬಗ್ಗೆ ಭಯ ಹಬ್ಬಿ, ಹಾಕಿಸುವವರು ತೀರಾ ಕಡಿಮೆಯಾಗಿದ್ದರು. ಅದೇ ವರ್ಷದ ಕೊನೆಗೆ ದಡಾರ ಬಂದು 83 ಜನ ಸತ್ತರು, ಹೆಚ್ಚಿನವರು ಸಣ್ಣ ಮಕ್ಕಳು. ಇವೆಲ್ಲ ಕಡತದಲ್ಲಿದ್ದ ವಿಷಯ. ನಿಮ್ಮ ಸಮಿತಿಯ ಮುಂದೆಯೇ ಮಾತಾದ ವಿಷಯ.

ಕೆನಡಿಯನ್ನು ಸಚಿವರನ್ನಾಗಿ ಒಪ್ಪಬೇಕಾ ಅಂತ ಫೆಬ್ರವರಿ 4ರಂದು ಸೆನೆಟ್‌ನ ಹಣಕಾಸು ಸಮಿತಿಯಲ್ಲಿ ಮತದಾನ ಆಯಿತು. 14ಕ್ಕೆ 13. ಆ ಹದಿನಾಲ್ಕರಲ್ಲಿ ಒಂದು ನಿಮ್ಮದು. ನೀವೊಬ್ಬರು ಬೇಡ ಅಂದಿದ್ದರೆ ಕೆನಡಿಯ ದಾರಿ ಅಲ್ಲಿಗೇ ಬಹುತೇಕ ಮುಚ್ಚುತ್ತಿತ್ತು. ಫೆಬ್ರವರಿ 13ರಂದು ಇಡೀ ಸೆನೆಟ್‌ನಲ್ಲಿ 52–48 ಆದಾಗ ನಿಮ್ಮ ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಸಮಿತಿಯಲ್ಲಿ ಕೀಲಿಕೈ ನಿಮ್ಮ ಜೇಬಿನಲ್ಲೇ ಇತ್ತು.

ಅದನ್ನು ಕೊಟ್ಟು ಏನು ಪಡೆದಿರಿ ಅಂತ ಅವತ್ತೇ ಸೆನೆಟ್‌ನಲ್ಲಿ ನಿಂತು ಹೇಳಿದಿರಿ. ಕೆನಡಿ ನಿಮ್ಮ ಜೊತೆ ತಿಂಗಳಿಗೆ ಹಲವು ಸಲ ಮಾತಾಡುತ್ತಾರೆ. ಲಸಿಕೆಗೆ ಒಪ್ಪಿಗೆ ಕೊಡುವ, ಸುರಕ್ಷತೆ ನೋಡುವ ಈಗಿನ ವ್ಯವಸ್ಥೆಯೊಳಗೇ ಕೆಲಸ ಮಾಡುತ್ತಾರೆ. ಸಿಡಿಸಿಯ ಲಸಿಕೆ ಸಲಹಾ ಸಮಿತಿಯ ಶಿಫಾರಸುಗಳನ್ನು ಬದಲಾಯಿಸುವುದಿಲ್ಲ. ವೆಬ್‌ಸೈಟಿನಲ್ಲಿರುವ ಆಟಿಸಂ ಕುರಿತ ಮಾತನ್ನು ತೆಗೆಯುವುದಿಲ್ಲ. ನೀವು ಕರೆದರೆ ಮೂರು ತಿಂಗಳಿಗೊಮ್ಮೆ ನಿಮ್ಮ ಸಮಿತಿಯ ಮುಂದೆ ಬರುತ್ತಾರೆ.

ಕೇಳೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ಒಂದಾದರೂ ಕಾನೂನಾ? ಮುರಿದರೆ ದಂಡ ಇದೆಯಾ? ಬಾಡಿಗೆಗೆ ಮನೆ ಕೊಡುವವರೂ ಇದಕ್ಕಿಂತ ಗಟ್ಟಿಯಾಗಿ ಅಗ್ರಿಮೆಂಟ್ ಬರೆಸಿಕೊಳ್ಳುತ್ತಾರೆ ಡಾಕ್ಟ್ರೇ.

ಜೂನ್ 9ಕ್ಕೆ ಕೆನಡಿ ಆ ಲಸಿಕೆ ಸಲಹಾ ಸಮಿತಿಯ 17 ಸದಸ್ಯರನ್ನೂ ಒಂದೇ ಏಟಿಗೆ ತೆಗೆದುಹಾಕಿದರು. ಪತ್ರಿಕೆಯಲ್ಲಿ ಲೇಖನ ಬರೆದು ಅದನ್ನು ಜಗತ್ತಿಗೆ ತಿಳಿಸಿದರು. ಲಸಿಕೆ ಬಗ್ಗೆ ಅನುಮಾನ ಬಿಟ್ಟರೆ ಬೇರೇನೂ ಗೊತ್ತಿಲ್ಲದವರು ಈಗ ಸಮಿತಿಗೆ ಬಂದು ತುಂಬಿಕೊಳ್ಳುವ ಭಯ ಇದೆ ಅಂತ ನೀವು ಎಕ್ಸ್‌ನಲ್ಲಿ ಬರೆದಿರಿ. ಹಾಗಾಗದ ಹಾಗೆ ನೋಡಿಕೊಳ್ಳಲು ಕೆನಡಿ ಜೊತೆ ಮಾತಾಡುತ್ತಿರುತ್ತೇನೆ ಅಂದಿರಿ. ಎರಡೇ ದಿನಕ್ಕೆ ಹೊಸಬರ ಹೆಸರು ಬಂತು. ನೀವು ಯಾರು ಬರಬಾರದು ಅಂದುಕೊಂಡಿದ್ದಿರೋ ಅಂಥವರೇ ಅದರಲ್ಲಿದ್ದರು.

ಆಗಸ್ಟ್‌ನಲ್ಲಿ ಎಂಆರ್‌ಎನ್‌ಎ ಲಸಿಕೆ ಸಂಶೋಧನೆಯ 22 ಯೋಜನೆಗಳು ರದ್ದಾದವು. ಸುಮಾರು 50 ಕೋಟಿ ಡಾಲರ್ ಕೆಲಸ. ಅದೇ ತಿಂಗಳ ಕೊನೆಗೆ ಸಿಡಿಸಿಯ ನಿರ್ದೇಶಕಿ ಸೂಸನ್ ಮೊನಾರೆಜ್ ಅವರನ್ನು ತೆಗೆದರು. ನೀವೇ ಓಟು ಹಾಕಿ ಕೂರಿಸಿದವರು, ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಸೆಪ್ಟೆಂಬರ್ 17ಕ್ಕೆ ನೀವು ಅವರನ್ನು ನಿಮ್ಮ ಸಮಿತಿಗೆ ಕರೆಸಿದಿರಿ, ಅದು ಒಳ್ಳೆಯದು ಮಾಡಿದಿರಿ. ಹೊಸ ಸಲಹಾ ಸಮಿತಿ ಏನೇ ಶಿಫಾರಸು ಮಾಡಿದರೂ ಒಪ್ಪುತ್ತೇನೆ ಅಂತ ಮುಂಚಿತವಾಗಿಯೇ ಮಾತು ಕೊಡಬೇಕು ಅಂತ ಕೆನಡಿ ಕೇಳಿದರು ಎಂದು ಅವರು ಪ್ರಮಾಣ ಮಾಡಿ ಹೇಳಿದರು. ಕಾರಣವಿಲ್ಲದೆ ವಿಜ್ಞಾನಿಗಳನ್ನು ಕೆಲಸದಿಂದ ತೆಗೆಯಬೇಕು ಅಂದರಂತೆ. ಆಕೆ ಎರಡಕ್ಕೂ ಒಪ್ಪಲಿಲ್ಲ, ಕೆಲಸ ಕಳೆದುಕೊಂಡರು.

ಒಬ್ಬ ಅಧಿಕಾರಿ ಒಂದು ತಿಂಗಳಲ್ಲಿ 'ಆಗಲ್ಲ' ಅಂದರು. ಒಬ್ಬ ಸೆನೆಟರ್‌ಗೆ ಒಂದು ವರ್ಷವಾದರೂ ಆ ಮಾತು ಬರುತ್ತಿಲ್ಲ.

ಸೆಪ್ಟೆಂಬರ್ 4ರ ವಿಚಾರಣೆಯ ವಿಡಿಯೊ ನೋಡಿದೆ. ಕೆನಡಿಯನ್ನು ನೀವು ಹಿಡಿದ ರೀತಿ ನೋಡಿ ನಗು ಬಂತು, ಬೇಜಾರೂ ಆಯಿತು. ಕೋವಿಡ್ ಲಸಿಕೆಯನ್ನು ಅಷ್ಟು ಬೇಗ ತಂದಿದ್ದಕ್ಕೆ ಟ್ರಂಪ್‌ಗೆ ನೊಬೆಲ್ ಕೊಡಬೇಕಲ್ವಾ ಅಂತ ಕೇಳಿದಿರಿ. ಹೌದು ಅಂದರು ಕೆನಡಿ. ಹಾಗಾದರೆ ಅದೇ ಲಸಿಕೆಯ ವಿರುದ್ಧ ನೀವೇ ಕೇಸು ನಡೆಸಿದಿರಲ್ಲ ಅಂದಿರಿ. ಜಾಣ ಪ್ರಶ್ನೆ. ಆದರೆ ದೇಶದ ಆರೋಗ್ಯ ಸಮಿತಿಯ ಅಧ್ಯಕ್ಷ, ಅದೂ ಒಬ್ಬ ಡಾಕ್ಟರ್, ಲಸಿಕೆ ಒಳ್ಳೆಯದು ಅಂತ ವಾದ ಮಾಡೋಕೆ ಮೊದಲು ಟ್ರಂಪ್‌ಗೆ ಹಾರ ಹಾಕಬೇಕಾದ ಸ್ಥಿತಿ ಬಂತಲ್ಲ. ಕೊನೆಗೆ, ನೀವು ಜನರಿಗೆ ಲಸಿಕೆ ಸಿಗದ ಹಾಗೆ ಮಾಡುತ್ತಿದ್ದೀರಿ ಅಂದಿರಿ. ಅದು ತಪ್ಪು ಅಂತ ಅವರು ಮುಖಕ್ಕೇ ಹೇಳಿದರು. ಅಷ್ಟಕ್ಕೆ ನಿಮ್ಮ ಸಮಯ ಮುಗಿಯಿತು.

ಈಗ ಡಿಸೆಂಬರ್‌ಗೆ ಬರೋಣ. ಇದು ನಮ್ಮ ಮನೆಗಳಿಗೇ ಬಂದು ತಟ್ಟಿದ ವಿಷಯ.

ಡಿಸೆಂಬರ್ 5ರಂದು ಆ ಹೊಸ ಸಲಹಾ ಸಮಿತಿ 8–3 ಮತದಿಂದ, ಹುಟ್ಟಿದ ಎಲ್ಲ ಮಕ್ಕಳಿಗೂ ಹೆಪಟೈಟಿಸ್ ಬಿ ಲಸಿಕೆ ಕೊಡಬೇಕು ಅನ್ನುವ ಶಿಫಾರಸನ್ನು ಕೈಬಿಟ್ಟಿತು. ತಾಯಿಗೆ ಸೋಂಕು ಇಲ್ಲ ಅಂತ ಪರೀಕ್ಷೆಯಲ್ಲಿ ಬಂದಿದ್ದರೆ ಅಪ್ಪ ಅಮ್ಮ ಡಾಕ್ಟರ್ ಜೊತೆ ಮಾತಾಡಿ ನಿರ್ಧಾರ ಮಾಡಲಿ, ಈಗ ಬೇಡ ಅಂದರೆ ಕನಿಷ್ಠ ಎರಡು ತಿಂಗಳು ಆಗಲಿ ಅಂದಿತು. ದಶಕಗಳಿಂದ ಹೆಪಟೈಟಿಸ್ ಬಿ ರೋಗಿಗಳನ್ನು ನೋಡಿದ ಲಿವರ್ ಡಾಕ್ಟರ್ ಆಗಿ ಹೇಳುತ್ತಿದ್ದೇನೆ, ಇದು ತಪ್ಪು ಅಂತ ನೀವು ಬರೆದಿರಿ. ಸಿಡಿಸಿಯ ಹಂಗಾಮಿ ಮುಖ್ಯಸ್ಥರು ಇದಕ್ಕೆ ಸಹಿ ಹಾಕಬಾರದು ಅಂದಿರಿ. ಅವರು ಡಿಸೆಂಬರ್ 16ಕ್ಕೆ ಹಾಕಿಯೇಬಿಟ್ಟರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ನಿಮ್ಮ ಆ ಪೋಸ್ಟ್ ಓದಿದಾಗ ನೆನಪಾದದ್ದು ಅದು.

ಹೋದ ವಾರ ಇಲ್ಲೇ ಒಬ್ಬ ಗೆಳೆಯನ ಮನೆಯಲ್ಲಿ ಕೂತಿದ್ದೆ. ಅವನ ಹೆಂಡತಿಗೆ ಜನವರಿಯಲ್ಲಿ ಹೆರಿಗೆ. ಹಾಸನದಿಂದ ಅವಳ ತಾಯಿ ಬಾಣಂತನಕ್ಕೆ ಬಂದಿದ್ದಾರೆ. ಬಜೆ, ಅಂಟಿನುಂಡೆ, ಮೆತ್ತನೆ ಹಳೇ ಪಂಚೆಯ ಬಟ್ಟೆ, ಎಲ್ಲ ಒಂದು ಸೂಟ್‌ಕೇಸ್‌ನಲ್ಲಿ. ಗೆಳೆಯ ಫೋನಿನಲ್ಲಿ ಸುದ್ದಿ ಓದುತ್ತಾ, 'ಇವಳ ಟೆಸ್ಟ್ ನೆಗೆಟಿವ್ ಇದೆಯಲ್ಲ, ಹುಟ್ಟಿದ ದಿನವೇ ಯಾಕೆ ಚುಚ್ಚಿಸಬೇಕು? ಸರ್ಕಾರವೇ ಬೇಡ ಅಂತಿದೆ' ಅಂದ. ಅವನೇನು ದಡ್ಡನಲ್ಲ, ಒಳ್ಳೆ ಕೆಲಸದಲ್ಲಿರುವ ಎಂಜಿನಿಯರ್. ಟಿವಿ ಮುಂದೆ ಕೂತಿದ್ದ ಅಮ್ಮ ಮಾತಾಡದೆ ತಮ್ಮ ಫೋನ್ ತೆಗೆದರು. ಊರಲ್ಲಿರುವ ದೊಡ್ಡ ಮಗಳ ತಾಯಿ ಕಾರ್ಡಿನ ಫೋಟೊ ಅದರಲ್ಲಿತ್ತು. 'ಹುಟ್ಟಿದಾಗ' ಅನ್ನುವ ಸಾಲಿನಲ್ಲಿ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಮೂರಕ್ಕೂ ನೀಲಿ ಇಂಕಿನಲ್ಲಿ ತಾರೀಕು, ಮಗು ಹುಟ್ಟಿದ ದಿನದ್ದೇ. 'ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರೂ ಕೇಳೋದೂ ಇಲ್ಲ, ಹಾಕಿ ಕಳಿಸ್ತಾರೆ. ಇಷ್ಟು ದೊಡ್ಡ ದೇಶಕ್ಕೆ ಏನು ಬಂತು?' ಅಂದರು.

ಅಮ್ಮನ ಪ್ರಶ್ನೆಗೆ ನೀವೇ ಚೆನ್ನಾಗಿ ಉತ್ತರ ಕೊಡಬಲ್ಲಿರಿ ಡಾಕ್ಟ್ರೇ, ಆದರೂ ನಮ್ಮ ಜನಕ್ಕೋಸ್ಕರ ನಾನೇ ಹೇಳುತ್ತೇನೆ. ದೊಡ್ಡವರಿಗೆ ಹೆಪಟೈಟಿಸ್ ಬಿ ಬಂದರೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಹುಟ್ಟುವಾಗ ತಗುಲಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಜೀವಮಾನ ಪೂರ್ತಿ ಉಳಿದುಬಿಡುತ್ತದೆ. ಹಾಗೆ ಉಳಿದವರಲ್ಲಿ ಸುಮಾರು ಕಾಲು ಭಾಗ ಜನ ಮುಂದೆ ಲಿವರ್ ಗಟ್ಟಿಯಾಗಿಯೋ, ಲಿವರ್ ಕ್ಯಾನ್ಸರ್ ಆಗಿಯೋ ಸಾಯುತ್ತಾರೆ. ಸೋಂಕಿರುವವರಲ್ಲಿ ಸುಮಾರು ಅರ್ಧ ಜನಕ್ಕೆ ತಮಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ತಾಯಿಗೆ ಪರೀಕ್ಷೆ ಮಾಡಿರುತ್ತಾರೆ ಸರಿ, ಎಲ್ಲರಿಗೂ ಮಾಡಿರುವುದಿಲ್ಲ. ಮಾಡಿದ ಮೇಲೂ ಬಸಿರಿನ ಕೊನೆಯಲ್ಲಿ ಸೋಂಕು ತಗುಲಬಹುದು. ತಾಯಿಗೆ ಇಲ್ಲದಿದ್ದರೂ ಮನೆಯಲ್ಲಿ ಬೇರೆಯವರಿಗೆ ಇರಬಹುದು. ಈ ವೈರಸ್ ದೇಹದ ಹೊರಗೆ, ರೇಜರ್ ಮೇಲೋ ಉಗುರು ಕತ್ತರಿ ಮೇಲೋ, ಏಳು ದಿನವಾದರೂ ಬದುಕಿರುತ್ತದೆ. ಭಾರತ, ಚೀನಾ, ವಿಯೆಟ್ನಾಂ ಕಡೆಯಿಂದ ಬಂದವರಲ್ಲಿ ಅಮೆರಿಕದವರಿಗಿಂತ ಇದು ಜಾಸ್ತಿ. ಅಂದರೆ ಅಜ್ಜಿ ತಾತ ಬಾಣಂತನಕ್ಕೆ ಬಂದು ಆರು ತಿಂಗಳು ಮಗು ಎತ್ತಿಕೊಂಡು ಓಡಾಡುವ ನಮ್ಮಂಥ ಮನೆಗಳ ವಿಷಯವೇ ಇದು.

ಅಮೆರಿಕ ಮೊದಮೊದಲು ಅಪಾಯ ಇರುವವರಿಗೆ ಮಾತ್ರ ಲಸಿಕೆ ಅಂತಲೇ ಇಟ್ಟುಕೊಂಡಿತ್ತು. ಅದು ನಡೆಯಲಿಲ್ಲ, ತಪ್ಪಿಸಿಕೊಂಡ ಮಕ್ಕಳು ಬಹಳ. 1991ರಲ್ಲಿ ಎಲ್ಲ ಮಕ್ಕಳಿಗೂ ಅಂದರು. ಅಲ್ಲಿಂದ ಮುಂದೆ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೊಸ ಸೋಂಕು ನೂರಕ್ಕೆ 99 ಭಾಗ ಇಳಿಯಿತು. ಈಗ ಮತ್ತೆ ಹಳೇ ದಾರಿಗೇ ಹೊರಟಿದ್ದಾರೆ.

ಲಸಿಕೆ ಈಗಲೂ ಸಿಗುತ್ತದೆ, ಬೇಕು ಅಂದವರನ್ನು ಯಾರೂ ತಡೆಯುತ್ತಿಲ್ಲ, ಅದರಲ್ಲೇನು ತಪ್ಪು ಅಂತ ಕೇಳುವವರಿದ್ದಾರೆ. ತಪ್ಪು ಇಷ್ಟೆ. ಮೊದಲು ನರ್ಸ್ ಬಂದು ಹಾಕಿ ಹೋಗುತ್ತಿದ್ದರು. ಈಗ ಹೆರಿಗೆಯಾಗಿ ಸುಸ್ತಾಗಿ ಮಲಗಿದ ಹುಡುಗಿಯನ್ನು 'ಬೇಕಾ, ಬೇಡ್ವಾ?' ಅಂತ ಕೇಳುತ್ತಾರೆ. ಸರ್ಕಾರವೇ ಅನುಮಾನ ಪಟ್ಟಿದೆ ಅಂದಮೇಲೆ ಅವಳು ಏನು ಹೇಳಬೇಕು? ಆಮೇಲೆ ನೋಡೋಣ ಅಂತಾಳೆ. ಆ 'ಆಮೇಲೆ'ಯಲ್ಲಿ ತಪ್ಪಿಹೋಗುವ ಮಕ್ಕಳು ಯಾರು? ನೀವು ಲಸಿಕೆ ಹಾಕಿಸಿದ 36,000 ಮಕ್ಕಳಂಥವರು. ಅಪ್ಪ ಎರಡು ಕಡೆ ಕೆಲಸ ಮಾಡುವ, ಇನ್ಶೂರೆನ್ಸ್ ಇದ್ದೂ ಇಲ್ಲದಂತಿರುವ ಮನೆಯವರು.

ಇನ್ಶೂರೆನ್ಸ್ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ, ತೆರಿಗೆ ಇಳಿಸಿ ಮೆಡಿಕೇಡ್ ಖರ್ಚಿಗೆ ಕತ್ತರಿ ಹಾಕಿದ ಆ ದೊಡ್ಡ ಬಿಲ್ ಸೆನೆಟ್‌ನಲ್ಲಿ 50–50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಓಟಿನಿಂದ ಪಾಸಾಯಿತು. ಅದರಿಂದ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಇನ್ಶೂರೆನ್ಸ್ ಕಳೆದುಕೊಳ್ಳುತ್ತಾರೆ ಅಂತ ಕಾಂಗ್ರೆಸ್‌ನ ಬಜೆಟ್ ಕಚೇರಿಯೇ ಲೆಕ್ಕ ಕೊಟ್ಟಿದೆ. ನಿಮ್ಮ ಲೂಸಿಯಾನದಲ್ಲಿ ಮೂವರಲ್ಲಿ ಒಬ್ಬರಷ್ಟು ಜನ ಮೆಡಿಕೇಡ್, ಅಂದರೆ ಬಡವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್, ನಂಬಿಕೊಂಡವರು. ರಿಪಬ್ಲಿಕನ್ ಪಕ್ಷದ ಮೂವರು ಅದಕ್ಕೆ ಇಲ್ಲ ಅಂದರು, ಕಾಲಿನ್ಸ್, ಪಾಲ್, ಟಿಲ್ಲಿಸ್. ಧರ್ಮಾಸ್ಪತ್ರೆಯ ಡಾಕ್ಟರ್ ಹೌದು ಅಂದರು. ನಿಮ್ಮ ಒಂದು ಓಟು ಅಲ್ಲೂ ನಿರ್ಣಾಯಕವೇ ಆಗಿತ್ತು.

ಯಾಕೆ ಹೀಗೆ ಅಂತ ಎಲ್ಲರಿಗೂ ಗೊತ್ತು. 2021ರ ಫೆಬ್ರವರಿ 13ರಂದು, ಸಂಸತ್ ಭವನ ಕ್ಯಾಪಿಟಲ್ ಮೇಲೆ ಟ್ರಂಪ್ ಬೆಂಬಲಿಗರ ದಾಳಿ ನಡೆದ ಮೇಲೆ, ಸೆನೆಟ್‌ನ ಮಹಾಭಿಯೋಗ ವಿಚಾರಣೆಯಲ್ಲಿ ಟ್ರಂಪ್ ತಪ್ಪಿತಸ್ಥ ಅಂತ ಓಟು ಹಾಕಿದ ಏಳು ರಿಪಬ್ಲಿಕನ್ನರಲ್ಲಿ ನೀವೊಬ್ಬರು. ಅವತ್ತು ನೀವು ಉದ್ದುದ್ದ ಭಾಷಣ ಮಾಡಲಿಲ್ಲ. ಸಂವಿಧಾನ, ದೇಶ ಎರಡೂ ಯಾವುದೇ ಒಬ್ಬ ವ್ಯಕ್ತಿಗಿಂತ ದೊಡ್ಡವು, ಆತ ತಪ್ಪಿತಸ್ಥ, ಅದಕ್ಕೇ ಹಾಗೆ ಓಟು ಹಾಕಿದೆ ಅಂದಿರಿ. ಮಾತು ಮುಗಿಯಿತು. ನಿಮ್ಮ ರಾಜ್ಯದ ಪಕ್ಷ ಅದೇ ದಿನ ನಿಮ್ಮ ವಿರುದ್ಧ ಖಂಡನಾ ನಿರ್ಣಯ ಮಾಡಿತು. ಆಮೇಲೆ ಲೂಸಿಯಾನದ ಚುನಾವಣಾ ಪದ್ಧತಿಯನ್ನೇ ಬದಲಾಯಿಸಿದರು. ಮೊದಲು ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಚುನಾವಣೆಯಲ್ಲಿ, ಓಟು ಹಾಕುತ್ತಿದ್ದರು, ಡೆಮಾಕ್ರಾಟ್ ಓಟೂ ನಿಮಗೆ ಬೀಳಬಹುದಿತ್ತು. 2026ಕ್ಕೆ ಪಕ್ಷದೊಳಗಿನ ಪ್ರೈಮರಿ. ಟ್ರಂಪ್ ಅಭಿಮಾನಿಗಳೇ ಜಾಸ್ತಿ ಇರುವ ಕಡೆ ನೀವು ಗೆದ್ದು ಬರಬೇಕು. ಅವತ್ತಿನ ಆ ಏಳು ಜನರಲ್ಲಿ ನಾಲ್ವರು ಈಗಾಗಲೇ ಸೆನೆಟ್‌ನಿಂದ ಹೊರಗೆ. ಉಳಿದದ್ದು ಕಾಲಿನ್ಸ್, ಮರ್ಕೌಸ್ಕಿ, ನೀವು.

ಅಂದರೆ ಸೀಟು ಉಳಿಸಿಕೊಳ್ಳಬೇಕಿತ್ತು. ಅರ್ಥವಾಗುತ್ತದೆ. ರಾಜಕಾರಣಿಗೆ ಸೀಟಿನ ಆಸೆ ಇರಬಾರದು ಅನ್ನುವಷ್ಟು ಮುಗ್ಧ ನಾನಲ್ಲ. ಒಳಗೆ ಇದ್ದರೆ ತಾನೆ ಏನಾದರೂ ಮಾಡೋಕಾಗೋದು ಅಂತ ನೀವು ನಿಮಗೇ ಹೇಳಿಕೊಂಡಿರಬಹುದು. ಸರಿ, ಒಳಗೆ ಇದ್ದೀರಿ. ಏನು ಮಾಡಿದಿರಿ?

ನಿಮ್ಮ ಪಕ್ಷದ ಇಂದಿನ ರೋಗ ಇದೇ ಅಂತ ನನಗೆ ಅನಿಸುತ್ತದೆ. ಟ್ರಂಪ್ ಹೇಳಿದ್ದನ್ನೆಲ್ಲ ನಿಜವಾಗಿ ನಂಬುವವರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ಅವರು ಏನು ಅನ್ನೋದು ಗೊತ್ತು. ನಂಬದೇ ಕೈ ಎತ್ತುವವರದ್ದು ಕಷ್ಟ. ಕಾರಿಡಾರಿನಲ್ಲಿ ತಲೆ ಚಚ್ಚಿಕೊಂಡು, ಒಳಗೆ ಹೋಗಿ 'ಹೌದು' ಅನ್ನುತ್ತಾರೆ. ಸತ್ಯ ಹೇಳೋಕೆ ಮೊದಲು ನಿವೃತ್ತಿ ಘೋಷಣೆ ಮಾಡಬೇಕು ಅನ್ನುವ ಹಾಗಾಗಿದೆ. ಟಿಲ್ಲಿಸ್ ಅವರನ್ನೇ ನೋಡಿ. ಆ ಬಿಲ್ ವಿರೋಧಿಸಿದರು, ಟ್ರಂಪ್ ಬೆದರಿಸಿದರು, ಇನ್ನು ಚುನಾವಣೆಗೇ ನಿಲ್ಲಲ್ಲ ಅಂದರು. ಅಲ್ಲಿಂದೀಚೆಗೆ ಅವರ ಮಾತು ಎಷ್ಟು ಸಲೀಸು! ಆದರೆ ಪೀಟ್ ಹೆಗ್ಸೆತ್ ಅವರನ್ನು ರಕ್ಷಣಾ ಸಚಿವ ಮಾಡುವಾಗ ಇದೇ ಟಿಲ್ಲಿಸ್ ಓಟಿನಿಂದಲೇ ಲೆಕ್ಕ 50–50 ಆಗಿ ಉಳಿದದ್ದು. ಮಿಚ್ ಮೆಕಾನೆಲ್ ಮಗುವಾಗಿದ್ದಾಗ ಪೋಲಿಯೊ ಬಂದವರು. ಕೆನಡಿಗೆ ಇಲ್ಲ ಅಂದ ಒಬ್ಬನೇ ಒಬ್ಬ ರಿಪಬ್ಲಿಕನ್ ಅವರು. ಅವರನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. 2021ರಲ್ಲಿ ದಾಳಿಗೆ ಟ್ರಂಪ್ ಹೊಣೆ ಅಂತ ಭಾಷಣ ಮಾಡಿ, ಓಟು ಮಾತ್ರ ಬಿಡುಗಡೆಗೆ ಹಾಕಿದವರು. ಅವತ್ತು ಅವರು ನಿಮ್ಮ ಜೊತೆ ನಿಂತಿದ್ದರೆ ಇವತ್ತು ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲವೇನೋ.

ಇನ್ನೊಂದು ಕಡೆಯ ಮಾತನ್ನೂ ಹೇಳುತ್ತೇನೆ. ಲಸಿಕೆ ವಿರೋಧ ರಿಪಬ್ಲಿಕನ್ನರ ಸ್ವಂತ ಆಸ್ತಿಯೇನಲ್ಲ. ಕೆನಡಿ ಮನೆತನ ಡೆಮಾಕ್ರಾಟ್ ಪಕ್ಷದ ದೊಡ್ಡ ಮನೆ. ಹದಿನೈದು ವರ್ಷದ ಹಿಂದೆ ಲಸಿಕೆ ಬೇಡ ಅನ್ನುತ್ತಿದ್ದವರಲ್ಲಿ ಕ್ಯಾಲಿಫೋರ್ನಿಯಾದ ಸಾವಯವ ತರಕಾರಿ ಮನೆಯವರೂ ಬೇಕಾದಷ್ಟು ಇದ್ದರು. ಕೋವಿಡ್ ಕಾಲದಲ್ಲಿ ಶಾಲೆಗಳನ್ನು ಅತಿಯಾಗಿ ಮುಚ್ಚಿಟ್ಟದ್ದು, ಗೊತ್ತಿಲ್ಲದ್ದನ್ನೂ ಗೊತ್ತಿದೆ ಅನ್ನುವ ಹಾಗೆ ಹೇಳಿದ್ದು, ಇವೆಲ್ಲ ಜನರ ನಂಬಿಕೆ ಕೆಡಿಸಿದವು. ಆದರೆ ಡೆಮಾಕ್ರಾಟರು ಆ ಜನರ ಕೈಗೆ ಇಲಾಖೆಯನ್ನು ಕೊಡಲಿಲ್ಲ.

ಇದರ ಫಲ ಎಲ್ಲಿ ಕಾಣಿಸಿತು ಅಂತ ನಮ್ಮ ಟೆಕ್ಸಸ್‌ನವರನ್ನು ಕೇಳಿ. ರಾಜ್ಯದ ಪಶ್ಚಿಮ ತುದಿಯ ಗೇನ್ಸ್ ಕೌಂಟಿಯಲ್ಲಿ ಜನವರಿ ಕೊನೆಗೆ ದಡಾರ ಶುರುವಾಯಿತು. ಅದಕ್ಕೆ ಕೆನಡಿ ಕಾರಣರಲ್ಲ, ಅವರಿನ್ನೂ ಕುರ್ಚಿಗೆ ಬಂದಿರಲಿಲ್ಲ. ಆದರೆ ಬಂದಮೇಲೆ ಲಸಿಕೆ ಹಾಕಿಸಿ ಅಂತ ಗಟ್ಟಿಯಾಗಿ ಹೇಳುವ ಬದಲು ವಿಟಮಿನ್ ಎ, ಕಾಡ್ ಲಿವರ್ ಎಣ್ಣೆ ಅಂತ ಮಾತಾಡಿದರು. ಕೆಲವು ಮಕ್ಕಳು ವಿಟಮಿನ್ ಎ ಜಾಸ್ತಿಯಾಗಿ ಆಸ್ಪತ್ರೆಯಲ್ಲಿ ತೊಂದರೆಪಟ್ಟರು. ಆಗಸ್ಟ್‌ನಲ್ಲಿ ಮುಗಿಯಿತು ಅನ್ನುವ ಹೊತ್ತಿಗೆ ಟೆಕ್ಸಸ್‌ನಲ್ಲಿ 762 ಜನಕ್ಕೆ ಬಂದಿತ್ತು. ಲಸಿಕೆ ಹಾಕಿಸದ ಇಬ್ಬರು ಮಕ್ಕಳು ಸತ್ತವು, ಒಂದಕ್ಕೆ ಆರು ವರ್ಷ, ಇನ್ನೊಂದಕ್ಕೆ ಎಂಟು. ನಿಮ್ಮ ಲೂಸಿಯಾನದಲ್ಲಿ ನಾಯಿಕೆಮ್ಮಿಗೆ ಎರಡು ಹಸುಗೂಸುಗಳು ಹೋದವು. ಕೆನಡಿಗೆ ಸೆನೆಟ್ ಒಪ್ಪಿಗೆ ಕೊಟ್ಟ ದಿನವೇ ನಿಮ್ಮ ರಾಜ್ಯದ ಸರ್ಜನ್ ಜನರಲ್ ರಾಲ್ಫ್ ಅಬ್ರಹಾಂ, ಇನ್ನು ಮುಂದೆ ಲಸಿಕೆ ಪ್ರಚಾರ ಮಾಡಬೇಡಿ ಅಂತ ಇಲಾಖೆಗೆ ಬರೆದರು. ನವೆಂಬರ್‌ನಲ್ಲಿ ಅವರೇ ಸಿಡಿಸಿಯ ಎರಡನೇ ಸ್ಥಾನಕ್ಕೆ ಬಡ್ತಿ ಪಡೆದು ಹೋದರು.

ಇದು ಅಮೆರಿಕಕ್ಕೇ ಮುಗಿಯುವುದೂ ಇಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸಾಪ್ ತುಂಬಾ ಸುಳ್ಳು ಹರಿದಾಡಿತ್ತು. ಮಕ್ಕಳಿಗೆ ಏನೋ ಆಗುತ್ತದಂತೆ, ವಿದೇಶಿ ಕಂಪನಿಗಳ ಸಂಚಂತೆ. ಎಷ್ಟೋ ಅಪ್ಪ ಅಮ್ಮಂದಿರು ಅವತ್ತು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಆಶಾ ಕಾರ್ಯಕರ್ತೆಯರು, ಟೀಚರ್‌ಗಳು ಮನೆಮನೆಗೆ ಹೋಗಿ ಸಮಾಧಾನ ಹೇಳಬೇಕಾಯಿತು. ಆಗ ಅವರ ಕೈಯಲ್ಲಿ ಒಂದು ಗಟ್ಟಿ ಮಾತಿತ್ತು, ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಇದು ಸರಿ ಅಂದಿವೆ ಅಂತ. ಮುಂದಿನ ಸಲ ಅಂಥ ಸುಳ್ಳು ಬಂದಾಗ ಅದರ ಕೆಳಗೆ ಸಿಡಿಸಿ ಪುಟದ ಲಿಂಕ್ ಇರುತ್ತದೆ. ಚಿತ್ರದುರ್ಗದ ಆಶಾ ಕಾರ್ಯಕರ್ತೆ ಅದಕ್ಕೆ ಏನು ಉತ್ತರ ಕೊಡಬೇಕು? ನಕ್ಷತ್ರದ ಅಡಿಟಿಪ್ಪಣಿ ಓದಿ ಅನ್ನಬೇಕಾ?

ಇನ್ನು ನಿಮ್ಮಿಂದ ಆಗುವ ಕೆಲಸದ ಮಾತು. ಆಗದ್ದನ್ನು ನಾನು ಕೇಳುತ್ತಿಲ್ಲ. ಕೆನಡಿಯನ್ನು ತೆಗೆಯುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಸಮಿತಿಯ ಸುತ್ತಿಗೆ ನಿಮ್ಮ ಕೈಯಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಬರುತ್ತೇನೆ ಅಂದವರನ್ನು ಜನವರಿಯಲ್ಲಿ ಕರೆಸಿ. ಬರಲ್ಲ ಅಂದರೆ ಸಮನ್ಸ್ ಕೊಡುವ ವಿಷಯವನ್ನು ಸಮಿತಿಯಲ್ಲಿ ಮತಕ್ಕೆ ಹಾಕಿ. ಯಾರು ಹೌದು, ಯಾರು ಇಲ್ಲ ಅನ್ನೋದು ದಾಖಲಾಗಲಿ. ಬಂದಾಗ ನೊಬೆಲ್ ವಿಷಯ ಎತ್ತಬೇಡಿ. ನಿಮ್ಮದೇ ಫೆಬ್ರವರಿ 4ರ ಭಾಷಣ ಕೈಯಲ್ಲಿ ಹಿಡಿದು, ಒಂದೊಂದೇ ಸಾಲು ಓದಿ, ಇದೇನಾಯಿತು, ಇದೇನಾಯಿತು ಅಂತ ಕೇಳಿ. ಸಿಡಿಸಿಗೆ ಮುಂದೆ ಯಾರನ್ನೇ ನಿರ್ದೇಶಕರಾಗಿ ಕಳಿಸಿದರೂ ಅವರು ನಿಮ್ಮ ಸಮಿತಿ ದಾಟಿಯೇ ಬರಬೇಕು. ಹೆಪಟೈಟಿಸ್ ಬಿ ಶಿಫಾರಸು ವಾಪಸ್ ಬರುವ ತನಕ ಆ ಕಡತ ಮೇಜಿನ ಮೇಲೇ ಇರಲಿ. ಲಸಿಕೆ ಸಲಹಾ ಸಮಿತಿಯ ಸದಸ್ಯರನ್ನು ಒಬ್ಬ ಸಚಿವ ಒಂದೇ ದಿನದಲ್ಲಿ ಓಡಿಸದ ಹಾಗೆ ಒಂದು ಮಸೂದೆ ಬರೆಯಿರಿ. ಪಾಸಾಗಲಿಕ್ಕಿಲ್ಲ. ಆದರೂ ಬರೆಯಿರಿ.

ಮತ್ತೆ ಆ ವೆಬ್ ಪುಟದ ತಲೆಬರಹ ಇದೆಯಲ್ಲ, ಅದನ್ನು ತೆಗೆದುಹಾಕಲು ನೀವೇ ಹೇಳಿಬಿಡಿ. ಕೆಳಗೆ ಸುಳ್ಳು ಬರೆದು ಮೇಲೆ ನಿಮ್ಮ ಹೆಸರಿನಲ್ಲಿ ನಿಜ ಇಟ್ಟುಕೊಳ್ಳುವ ಅನುಕೂಲ ಅವರಿಗೆ ಬೇಡ.

ಗೆಳೆಯನ ಮನೆಯಲ್ಲಿ ಮಾತು ಏನಾಯಿತು ಅಂತ ಹೇಳಲಿಲ್ಲ. ಲಸಿಕೆ ಹಾಕಿಸುತ್ತಾರಂತೆ, ಹುಟ್ಟಿದ ದಿನವೇ. ಒಪ್ಪಿಸಿದ್ದು ಹಾಸನದ ಅಮ್ಮ. ಆರೋಗ್ಯ ಸಮಿತಿಯ ಅಧ್ಯಕ್ಷರು ಇದನ್ನು ತಪ್ಪು ಅಂದಿದ್ದಾರೆ ಅಂತ ನಿಮ್ಮ ಪೋಸ್ಟನ್ನೂ ನಾನು ತೋರಿಸಿದೆ. 'ಅವರೇ ತಾನೆ ಇವರಿಗೆ ಓಟು ಹಾಕಿದ್ದು?' ಅಂತ ಗೆಳೆಯ ಕೇಳಿದ. ಅದಕ್ಕೆ ಉತ್ತರ ನೀವು ಕೊಡಬೇಕು.

ಇಂತಿ,
ಹ್ಯೂಸ್ಟನ್‌ನ ಒಬ್ಬ ಕನ್ನಡಿಗ